ಬಿಸಿಲಿನ ಬೆನ್ನು ಹತ್ತಿದ ಮನೆಗಾಡಿ

ನಿವೃತ್ತರಾದ ಗಂಡಸರಿಗೆ ಒಂದಲ್ಲ ಒಂದು ಹುಚ್ಚು ಹಿಡಿದೇ ತೀರುತ್ತದೆ ಎಂಬುದು ದಾಂಡೇಲಿಯಲ್ಲಿ ನಾನು ಕಣ್ಣಾರೆ ಕಂಡ ಸತ್ಯ. ಕೆಲವರು ದೇವಸ್ಥಾನದ ಕಮಿಟಿ ಸೇರಿ ದೇವರಿಗೂ ಪುರುಸೊತ್ತು ಕೊಡದಂತೆ ಮೀಟಿಂಗು ಮಾಡುತ್ತಾರೆ. ಕೆಲವರು ನಸುಕಿನಲ್ಲೇ ಬಿಳಿ ಬೂಟು ಏರಿಸಿ ಹೊಳೆಯವರೆಗೆ ನಡೆದು, ಬರುವ ದಾರಿಯಲ್ಲಿ ಪೂರಿ ಭಾಜಿ ತಿಂದು, ಕರಗಿಸಿದ್ದನ್ನೆಲ್ಲ ಮತ್ತೆ ತುಂಬಿಕೊಂಡು ಮನೆ ಸೇರುತ್ತಾರೆ. ನನಗೆ ಹಿಡಿದದ್ದು ಬೇರೆ ಬಗೆಯದು. ಒಂದು ವಸ್ತು ಕಂಡರೆ ಅದು ಒಳಗೊಳಗೆ ಏನು ಮಾಡುತ್ತಿರಬಹುದು ಎಂದು ತಿಳಿಯುವವರೆಗೆ ನನಗೆ ಊಟ ಸೇರುವುದಿಲ್ಲ. ಇದಕ್ಕೆ ಕಾರಣವೂ ಉಂಟು. ನಾನು ಮಿಲ್ಲಿನ ಸ್ಟೋರಿನಲ್ಲಿ ಕೂತು ತಲೆ ಬೆಳ್ಳಗೆ ಮಾಡಿಕೊಂಡವನು. ಸ್ಟೋರಿನವನಿಗೆ ಸಾಮಾನಿನ ಹೆಸರು, ನಂಬರು, ಅದು ಕೂತ ಕಪಾಟು, ಇಷ್ಟು ಗೊತ್ತಿದ್ದರೆ ಮುಗಿಯಿತು. ಬೇರಿಂಗಿನಿಂದ ಹಿಡಿದು ಆಳೆತ್ತರದ ಮೋಟರಿನವರೆಗೆ ಎಲ್ಲವೂ ನನ್ನ ಕೈ ದಾಟಿಯೇ ಹೊರಗೆ ಹೋದವು. ಹೋಗಿ ಏನು ಮಾಡಿದವು ಎಂಬುದು ಮಾತ್ರ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಹಾಗೆ ಕೂಡಿಬಿದ್ದ ಕುತೂಹಲವೆಲ್ಲ ಈಗ ಒಮ್ಮೆಲೇ ಹೊರಗೆ ಬರುತ್ತಿದೆ. ಮನೆಯ ಮಿಕ್ಸರನ್ನು ನಾನು ಬಿಚ್ಚಿದ ದಿನದಿಂದ ನನ್ನ ಹೆಂಡತಿ ಗಿರಿಜಾ ಸ್ಕ್ರೂ ಡ್ರೈವರನ್ನು ದೇವರ ಗೂಡಿನ ಹಿಂದೆ ಅಡಗಿಸಿ ಇಡುತ್ತಾಳೆ.

ಅಂಥ ಗಿರಿಜಾಳೇ ಒಂದು ದಿನ ಸ್ಕ್ರೂ ಡ್ರೈವರನ್ನು ತಾನಾಗಿ ತಂದು ನನ್ನ ಕೈಗೆ ಕೊಟ್ಟಳು ಎಂದರೆ ವಿಷಯ ಗಂಭೀರವಾದದ್ದೇ ಇರಬೇಕು. ಅವಳಿಗೆ ಒಬ್ಬಳೇ ಅಕ್ಕ, ನೀಲಕ್ಕ. ಜೋಯಿಡಾ ದಾಟಿ ಅನಮೋಡದ ಕಡೆಗೆ ಹೋಗುವಾಗ ಕಾಡಿನೊಳಗೆ ಸಿಗುವ ಒಂದು ಚಿಕ್ಕ ಹಳ್ಳಿಯಲ್ಲಿ, ಮಗ ಸೊಸೆಯರ ಜೊತೆ, ಎಮ್ಮೆ ಕಟ್ಟಿಕೊಂಡು ಇದ್ದಾಳೆ. ತಾಯಿ ಇಲ್ಲದ ಗಿರಿಜಾಳ ತಲೆ ಬಾಚಿ, ಜಡೆ ಹಾಕಿ, ಶಾಲೆಗೆ ಕಳಿಸಿ ದೊಡ್ಡವಳನ್ನಾಗಿ ಮಾಡಿದವಳು ಅವಳೇ. ಆದರೆ ಗಿರಿಜಾಳಿಗೆ ಇನ್ಸುಲಿನ್ ಶುರುವಾದ ಮೇಲೆ ಅಕ್ಕನ ಮನೆಯಲ್ಲಿ ಒಂದು ರಾತ್ರಿ ಮಲಗಿ ಎದ್ದದ್ದಿಲ್ಲ. ಔಷಧಿ ತಂಪಿನಲ್ಲಿ ಇರಬೇಕು. ನೀಲಕ್ಕನ ಊರಿನಲ್ಲಿ ತಂತಿಯ ಮೇಲೆ ಒಂದು ಟೊಂಗೆ ಬಿದ್ದರೂ ಕರೆಂಟು ವಾಪಸ್ ಬರುವ ಹೊತ್ತಿಗೆ ಜನ ಅದನ್ನು ಮರೆತಿರುತ್ತಾರೆ. ಒಮ್ಮೆ ಥರ್ಮಾಸಿನಲ್ಲಿ ಬರ್ಫ ತುಂಬಿ ಒಯ್ದೆವು. ಬರ್ಫ ತಾಗಿ ಔಷಧಿಯೇ ಗಟ್ಟಿಯಾಗಿ, ಎಸೆಯಬೇಕಾಯಿತು. ಇಷ್ಟೊಂದು ಹೆದರಬೇಕಾಗಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಅವಳಿಗೆ ಅಂದಿನಿಂದ ಧೈರ್ಯ ಸಾಲದು. ಹೀಗಾಗಿ ಬೆಳಿಗ್ಗೆ ಹೋಗುವುದು, ಊಟ ಮುಗಿಯುತ್ತಲೇ ಗೋಡೆಯ ಗಡಿಯಾರ ನೋಡುವುದು. ಅವಳು ಗಡಿಯಾರ ನೋಡಿದರೆ ನೀಲಕ್ಕ ಎದ್ದು ಒಳಗೆ ಹೋಗಿ, ಕೆಲಸವಿಲ್ಲದಿದ್ದರೂ ಪಾತ್ರೆ ಸದ್ದು ಮಾಡುತ್ತಾಳೆ. ಆ ಸದ್ದು ಕೇಳುವುದು ನನಗೂ ಕಷ್ಟವಾಗುತ್ತಿತ್ತು.

ಹಾಗಾಗಿಯೇ ನಾನು ಹಳೆಯ ಸ್ಕೂಲ್ ವ್ಯಾನೊಂದನ್ನು ಕೊಂಡುಕೊಂಡೆ. ಒಳಗೆ ಮಂಚ, ಒಲೆ, ಪುಟ್ಟ ಫ್ರಿಜ್ಜು, ಫ್ರಿಜ್ಜಿಗೆ ಬ್ಯಾಟರಿ, ಬ್ಯಾಟರಿಗೆ ಮೇಲಿನಿಂದ ಸೋಲಾರ್. ಸ್ಕ್ರೂ ಡ್ರೈವರು ದೇವರ ಗೂಡಿನಿಂದ ಹೊರಗೆ ಬಂದದ್ದು ಇದಕ್ಕೇ. ಇಂಥದ್ದಕ್ಕೆ ಮೋಟರ್‌ಹೋಮ್ ಎನ್ನುತ್ತಾರೆ. ಗಿರಿಜಾ ಮೊದಲ ದಿನವೇ ‘ಮನೆಗಾಡಿ’ ಎಂದು ನಾಮಕರಣ ಮಾಡಿಬಿಟ್ಟಳು. ಔಷಧಿಯ ನೆಪದಲ್ಲಿ ನನಗೂ ಒಳಗೊಳಗೆ ಒಂದು ಆಸೆ ಚಿಗುರಿತ್ತು. ನೀಲಕ್ಕನ ಮನೆಯಲ್ಲಿ ಎರಡು ದಿನ ಇದ್ದು, ಅಲ್ಲಿಂದ ಹಾಗೇ ಗೋವಾ ಇಳಿದು, ಸಮುದ್ರದ ದಂಡೆ ಹಿಡಿದು ಕನ್ಯಾಕುಮಾರಿಯವರೆಗೆ ಹೋಗಿಬಿಡುವುದು. ನಕಾಶೆಯನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಮಿಲ್ಲಿನ ಗೇಟಿನಿಂದ ಮನೆಯ ಗೇಟಿಗೆ ಓಡಾಡಿದವನಿಗೆ ಇಷ್ಟು ಆಸೆ ಹೆಚ್ಚೇನಲ್ಲ.

ವೈರಿಂಗಿಗೆ ಸಿಕ್ಕವನು ನಮ್ಮೂರಿನ ಆಟೋ ಇಲೆಕ್ಟ್ರಿಷಿಯನ್ ಬಶೀರ್. ಲಾರಿ, ಟ್ರ್ಯಾಕ್ಟರು, ಜೀಪು ಯಾವುದಿದ್ದರೂ ಅದರ ಹೊಟ್ಟೆಯೊಳಗೆ ತಲೆ ಹಾಕಿ ಬೈಯುತ್ತ ಬೈಯುತ್ತಲೇ ಸರಿ ಮಾಡುವ ಮನುಷ್ಯ. ಸೋಲಾರ್ ಮಾತ್ರ ಅವನಿಗೆ ನನ್ನಷ್ಟೇ ಹೊಸದು. ಆದರೆ ‘ಗೊತ್ತಿಲ್ಲ’ ಎನ್ನುವ ಶಬ್ದ ಅವನ ಬಾಯಿಂದ ಹೊರಡುವುದಿಲ್ಲ. ಅದರ ಬದಲು “ಬರಾಬರ್ ಐತಿ, ನೋಡೂಣು” ಎನ್ನುತ್ತಾನೆ. ಈ ಮಾತಿನ ಅರ್ಥ ಎರಡನೆಯ ಸಲ ಕೇಳಿದಾಗ ತಿಳಿಯುತ್ತದೆ.

ನಾನು ಹಳಿಯಾಳಕ್ಕೆ ಹೋಗಿ, ಅಂಗಡಿಯಲ್ಲಿದ್ದವುಗಳಲ್ಲೇ ದೊಡ್ಡದಾದ ಸೋಲಾರ್ ಪ್ಲೇಟು ಆರಿಸಿ ತಂದೆ. ಮನೆಯ ಮಾಳಿಗೆಯ ಮೇಲೆ ಹಾಕುವಂಥದ್ದು. ದೊಡ್ಡದಾದರೆ ಹೆಚ್ಚು ಕರೆಂಟು ಎಂಬುದು ನನ್ನ ಸರಳ ಗಣಿತ. ಜೊತೆಗೆ ಚಾರ್ಜ್ ಕಂಟ್ರೋಲರ್ ಬೇಕು ಎಂದರು. ಪ್ಲೇಟಿಗೂ ಬ್ಯಾಟರಿಗೂ ನಡುವೆ ಕೂತು ಬ್ಯಾಟರಿ ಹೊಟ್ಟೆಬಿರಿಯದಂತೆ ನೋಡಿಕೊಳ್ಳುವ ಡಬ್ಬಿ ಅದು. ಇದ್ದುದರಲ್ಲೇ ಚಿಕ್ಕದೊಂದನ್ನು ಕೊಂಡೆ. ಎರಡನ್ನೂ ಜೋಡಿಸಿ ನೋಡಿದರೆ ಪ್ಲೇಟಿನ ಬೆನ್ನಿಗೆ ಬರೆದದ್ದರ ಅರ್ಧವೂ ಬ್ಯಾಟರಿಗೆ ಬರುತ್ತಿಲ್ಲ. ಫ್ರಿಜ್ಜು ಸ್ವಲ್ಪ ಗುರ್ ಎಂದು, ಸಂಜೆಯೊಳಗೆ ಸುಮ್ಮನಾಯಿತು.

“ಪ್ಲೇಟ ಬರಾಬರ್ ಐತ್ರಿ ಸಾಹೇಬ್ರ, ಡಬ್ಬಿನೂ ಬರಾಬರ್ ಐತಿ,” ಎಂದ ಬಶೀರ್, ಮೀಟರಿನ ಕಡ್ಡಿ ಹಿಡಿದು ಬೆವರುತ್ತ. “ಎರಡೂ ಕೂಡಿದ್ರ ಮಾತ್ರ ಯಾಕೋ ಮಾರಿ ತಿರುಗಿಸಿ ಕುಂದರ್ತಾವ.”

“ಜಾತಕ ನೋಡಿ ತರಬೇಕಾಗಿತ್ತು,” ಎಂದಳು ಗಿರಿಜಾ, ಚಹಾ ಕೊಡುತ್ತ. “ನಮ್ಮ ಮನಿಯವ್ರು ಬರೇ ಎತ್ತರ ನೋಡಿ ಹೆಣ್ಣು ತಂದಾರ.”

ನಾನು ಮೊಬೈಲಿನಲ್ಲಿ ಓದಲು ಕೂತೆ. ಓದಿದಷ್ಟೂ ಖುಷಿಯಾಯಿತು. ದೊಡ್ಡ ಪ್ಲೇಟು ಕೆಲಸ ಮಾಡುವಾಗ ಕರೆಂಟನ್ನು ನಲವತ್ತು ವೋಲ್ಟಿನಲ್ಲಿ ತಳ್ಳುತ್ತದೆ, ನಮ್ಮ ಬ್ಯಾಟರಿ ಹದಿನಾಲ್ಕಕ್ಕಿಂತ ಮೇಲೆ ಮುಟ್ಟುವುದಿಲ್ಲ. ನಾನು ತಂದ ಚಿಕ್ಕ ಡಬ್ಬಿ ಪಿಡಬ್ಲ್ಯೂಎಂ ಜಾತಿಯದು; ಅದು ಪ್ಲೇಟನ್ನು ಸೀದಾ ಬ್ಯಾಟರಿಯ ಮಟ್ಟಕ್ಕೆ ಎಳೆದು ಕೂರಿಸುತ್ತದೆ, ಮಿಕ್ಕ ವೋಲ್ಟು ಎಲ್ಲ ದಂಡ. ಎಂಪಿಪಿಟಿ ಎಂಬ ಇನ್ನೊಂದು ಜಾತಿಯ ಡಬ್ಬಿ ಇದೆ. ಅದು ಮಿಕ್ಕ ವೋಲ್ಟನ್ನು ಆಂಪಿಯರಾಗಿ ಬದಲಿಸಿ ಬ್ಯಾಟರಿಗೆ ಬಡಿಸುತ್ತದೆ. ನೋಟು ಮುರಿಸಿ ಚಿಲ್ಲರೆ ಕೊಡುವ ಅಂಗಡಿಯವನಂತೆ. ಒಂದು ಡಬ್ಬಿ ಚಿಲ್ಲರೆ ಇಲ್ಲವೆಂದು ಮಿಕ್ಕಿದ್ದನ್ನು ನುಂಗಿಹಾಕುತ್ತದೆ, ಇನ್ನೊಂದು ಪ್ರಾಮಾಣಿಕ. ಇಷ್ಟು ತಿಳಿದ ದಿನ ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ಎಂಪಿಪಿಟಿ ಬಂತು. ಅದರ ಮೇಲೆ ‘ನೂರು ವೋಲ್ಟಿಗಿಂತ ಹೆಚ್ಚು ಕೊಡಬಾರದು’ ಎಂದು ಅಚ್ಚಾಗಿತ್ತು. ಮೋಡದ ದಿನಗಳಿಗೆ ಒಂದು ಪ್ಲೇಟು ಸಾಲದೆಂದು ಮುಂಡಗೋಡಕ್ಕೆ ಹೋದಾಗ ಇನ್ನೊಂದನ್ನೂ ತಂದೆ. ಹಳಿಯಾಳದ ಪ್ಲೇಟು ಇರಲಿಲ್ಲ. ವೋಲ್ಟು ಹೆಚ್ಚೂ ಕಡಿಮೆ ಅಷ್ಟೇ ಇದ್ದ, ಆಕಾರದಲ್ಲಿ ಸ್ವಲ್ಪ ಚಿಕ್ಕದಾದ ಒಂದು ಸಿಕ್ಕಿತು. ಈಗ ಹೊಸ ಜಗಳ. ಎರಡು ಪ್ಲೇಟನ್ನು ಒಂದರ ಬಾಲಕ್ಕೆ ಒಂದು ಕಟ್ಟಬೇಕೋ, ಮಗ್ಗುಲಿಗೆ ಮಗ್ಗುಲು ಕಟ್ಟಬೇಕೋ? ಬಾಲಕ್ಕೆ ಕಟ್ಟಿದರೆ ವೋಲ್ಟು ಕೂಡುತ್ತದೆ, ಮಗ್ಗುಲಿಗೆ ಕಟ್ಟಿದರೆ ಆಂಪಿಯರು ಕೂಡುತ್ತದೆ.

“ಬಾಲಕ್ಕ ಕಟ್ಟೂಣ್ರಿ. ತೆಳ್ಳನ್ನ ವೈರ್ ಸಾಕಾಗತೈತಿ,” ಎಂದ ಬಶೀರ್, ಪ್ಲೇಟಿನ ಬೆನ್ನಿಗೆ ಬರೆದ, ಹೊರೆ ಇಲ್ಲದಾಗಿನ ಗರಿಷ್ಠ ವೋಲ್ಟು ಓದುತ್ತ. “ನಲವತ್ತೆಂಟು, ನಲವತ್ತೆಂಟು, ತೊಂಬತ್ತಾರು. ನೂರು ಎಲ್ಲಿ ಮುಟ್ಟತೈತಿ?”

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ನಾನು ಓದಿದ ಕಡೆ ಒಂದು ವಿಚಿತ್ರ ಮಾತಿತ್ತು. ಪ್ಲೇಟು ತಂಪಾದಷ್ಟೂ ಅದರ ವೋಲ್ಟು ಏರುತ್ತದಂತೆ. ಬಿಸಿಲು ತಿಂದು ಬದುಕುವ ವಸ್ತುವಿಗೆ ಚಳಿಯಲ್ಲಿ ಹುರುಪು ಎಂದರೆ ಯಾರು ನಂಬುತ್ತಾರೆ? ಬಶೀರ್ ನಂಬಲಿಲ್ಲ. ನನಗೂ ನಂಬಿಕೆ ಇರಲಿಲ್ಲ, ಆದರೆ ಸುಮ್ಮನಿರುವುದೂ ಆಗಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಪ್ಲೇಟನ್ನು ಅಂಗಳದಲ್ಲಿ ಇಟ್ಟು ಮೀಟರು ಹಚ್ಚಿದೆವು. ನಲವತ್ನಾಲ್ಕು ತೋರಿಸಿತು. ನಾನು ಹಂಡೆಯ ನೀರು ತಂದು ತಂಬಿಗೆಯಲ್ಲಿ ಮೆಲ್ಲಗೆ ಸುರಿಯತೊಡಗಿದೆ. ನಮ್ಮ ಕಂಪೌಂಡಿನ ಆಚೆ ನಿಂತವರೆಲ್ಲ ನಾನು ಗಾಜಿಗೆ ಅಭಿಷೇಕ ಮಾಡುವುದನ್ನು ನೋಡುತ್ತಿದ್ದರು. ಮೀಟರಿನ ಅಂಕಿ ಮೊದಲು ಅನುಮಾನಿಸಿತು, ಆಮೇಲೆ ಏರಿತು. ನಲವತ್ತೈದು. ನಲವತ್ತಾರು.

“ಅರೆ! ಇದಕ್ಕೂ ನಮ್ಮಂಗ ಥಂಡಿ ಹಿತ ಅನಸತೈತಿ ನೋಡ್ರಿ,” ಎಂದು ಬಶೀರ್ ತಂಬಿಗೆಯನ್ನು ನನ್ನ ಕೈಯಿಂದ ಕಸಿದುಕೊಂಡು ತಾನೇ ಸುರಿದ. ಇಬ್ಬರೂ ಸೇರಿ ಹಂಡೆ ಖಾಲಿ ಮಾಡಿದೆವು. ಗಿರಿಜಾ ಸ್ನಾನಕ್ಕೆ ಕಾಯಿಸಲೆಂದು ತುಂಬಿಟ್ಟ ನೀರದು ಎಂದು ಆಮೇಲೆ ಗೊತ್ತಾಯಿತು.

ಬಶೀರನ ಮಾತು ಕೇಳಿದ್ದರೆ ಜೋಯಿಡಾದ ಚಳಿಗಾಲದ ಮುಂಜಾವಿನಲ್ಲಿ ಬಾಲಕ್ಕೆ ಬಾಲ ಕಟ್ಟಿದ ಎರಡು ಪ್ಲೇಟು ಸೂರ್ಯ ಕಂಡಕೂಡಲೇ ನೂರನ್ನು ದಾಟಿ, ಡಬ್ಬಿಯನ್ನು ಸುಟ್ಟು ಹಾಕುತ್ತಿದ್ದವು. ಅದೂ ಅಲ್ಲದೆ ಜೋಡಿ ಎತ್ತಿನಲ್ಲಿ ಒಂದು ನಿಧಾನವಾದರೆ ಇನ್ನೊಂದೂ ನಿಧಾನವಾಗಲೇಬೇಕು. ಹಾಗೆ ಕಟ್ಟಿದ್ದರೆ ಮುಂಡಗೋಡದ ಚಿಕ್ಕ ಪ್ಲೇಟು ಹಳಿಯಾಳದ ದೊಡ್ಡದನ್ನು ತನ್ನ ನಡಿಗೆಗೇ ಇಳಿಸುತ್ತಿತ್ತು. ದಪ್ಪ ವೈರು ತಂದು ಮಗ್ಗುಲಿಗೆ ಮಗ್ಗುಲು ಕಟ್ಟಿದೆವು. ಡಬ್ಬಿಯ ಅಂಕಿಗಳು ಕುಣಿದವು. ರಾತ್ರಿಯಿಡೀ ಫ್ರಿಜ್ಜು ನಿಲ್ಲಲಿಲ್ಲ, ಬೆಳಿಗ್ಗೆ ಒಳಗಿಟ್ಟ ಮೊಸರು ಚೂರಿಯಿಂದ ಕತ್ತರಿಸುವಷ್ಟು ಗಟ್ಟಿಯಾಗಿತ್ತು. ಗಿರಿಜಾ ಫ್ರಿಜ್ಜಿನ ಬಾಗಿಲು ತೆಗೆದು ಹಾಕಿ ತೆಗೆದು ಹಾಕಿ ನೋಡಿದಳು. ಆಮೇಲೆ ಅಕ್ಕನಿಗೆ ಫೋನು ಮಾಡಿ, “ಈ ಸಲ ಮಲಗಾಕ ಬರ್ತೇನಿ ಅಕ್ಕ,” ಎಂದಳು. ಆ ಕಡೆ ನೀಲಕ್ಕ ಆಗಲೇ ಸೊಸೆಗೆ ಹಾಸಿಗೆ ಬಿಸಿಲಿಗೆ ಹಾಕಲು ಹೇಳತೊಡಗಿದ್ದಳಂತೆ.

ಹೊರಡುವ ಮುನ್ನ ಪೂಜೆ. ಹೊಸ ಗಾಡಿಯಾಗಲಿ ಹಳೆಯ ಗಾಡಿಯಾಗಲಿ, ಪೂಜೆ ಮಾಡದೆ ಹೊಸ್ತಿಲು ದಾಟಿಸುವ ಪದ್ಧತಿ ನಮ್ಮಲ್ಲಿಲ್ಲ. ಬಾನೆಟ್ಟಿಗೆ ವಿಭೂತಿ ಹಚ್ಚಲು ಹೋದ ಗಿರಿಜಾ ತಡೆದು ನಿಂತಳು. “ದುಡಿಯೂದು ಮ್ಯಾಲಿನವು, ಪೂಜಿ ಕೆಳಗಿಂದಕ್ಕ. ಇದು ಯಾವ ನ್ಯಾಯರಿ?” ಎಂದಳು. ಮಾತು ನನಗೂ ಹಿಡಿಸಿತು. ನಾನೇ ಏಣಿ ಹಿಡಿದೆ. ಅವಳು ಮೇಲೆ ಹತ್ತಿ ಎರಡೂ ಪ್ಲೇಟುಗಳಿಗೆ ಈ ತುದಿಯಿಂದ ಆ ತುದಿಯವರೆಗೆ ಅಂಗೈ ಅಗಲದ ಮೂರು ಮೂರು ಪಟ್ಟಿ ವಿಭೂತಿ ಎಳೆದಳು. ನೀರಲ್ಲಿ ಕಲಸಿದ, ಗೋಡೆಗೆ ಸುಣ್ಣ ಬಳಿದಂಥ ವಿಭೂತಿ. ನಡುವೆ ಕುಂಕುಮ. ಮೇಲೆ ತೋಳಿನಷ್ಟು ದಪ್ಪನೆಯ ಚೆಂಡು ಹೂವಿನ ಹಾರ, ಎರಡೂ ಪ್ಲೇಟಿನ ಅಡ್ಡಕ್ಕೆ. ಅನಮೋಡದ ಕಡೆಯ ರಾಮನಗರದಲ್ಲಿರುವ ಮಾವನ ಮನೆಗೆಂದು ನಮ್ಮ ಜೊತೆಗೇ ಹೊರಟು ಚೀಲ ಹಿಡಿದು ನಿಂತಿದ್ದ ಬಶೀರ್, “ಗಾಳಿಗಿ ಹಾರಿ ಹೋದೀತ್ರಿ ಅಕ್ಕಾರ, ತಡೀರಿ,” ಎಂದು ತಾನೂ ಮೇಲೆ ಹತ್ತಿ ಹಾರವನ್ನು ತಂತಿಯಿಂದ ಬಿಗಿದ. ಅವನು ಬಿಗಿದದ್ದು ಸಡಿಲವಾಗುವುದಿಲ್ಲ. ಮೂವರೂ ಕೆಳಗೆ ನಿಂತು ನೋಡಿ ಛಲೋ ಆತು ಎಂದುಕೊಂಡೆವು.

ನೀಲಕ್ಕನ ಅಂಗಳ ಮುಟ್ಟಿದಾಗ ಸೂರ್ಯ ನೆತ್ತಿಗೆ ಬರುತ್ತಿದ್ದ. ನೀಲಕ್ಕ ಬಾಗಿಲಲ್ಲೇ ನಿಂತಿದ್ದಳು. ತಂಗಿಗೆ ಹಾಸಿಗೆ ಆಗಲೇ ಹಾಸಿಯಾಗಿತ್ತು, ಹಗಲಿನಲ್ಲೇ. ನಾನು ಡಬ್ಬಿಯ ಕಡೆ ಕಣ್ಣು ಹಾಯಿಸಿದೆ. ಅಷ್ಟು ಬಿಸಿಲಿನಲ್ಲಿ ಅದು ಸಂಜೆಯ ಹೊತ್ತಿನ ಅಂಕಿ ತೋರಿಸುತ್ತಿತ್ತು. ಮುಂಜಾನೆಯಿಂದ ಬ್ಯಾಟರಿ ಇಳಿಯುತ್ತಲೇ ಬಂದಿತ್ತು. ಇದೇ ಗತಿಯಾದರೆ ರಾತ್ರಿ ಫ್ರಿಜ್ಜು ಕೈಕೊಡುವುದು ಖಂಡಿತ. ಆ ಊರಿನಲ್ಲಿ ಎಂದಿನಂತೆ ಕರೆಂಟೂ ಇರಲಿಲ್ಲ.

ಬಶೀರ್ ತೋಳು ಮಡಚಿದ. ಫ್ಯೂಸು ನೋಡಿದ, ಜೋಡಣೆ ಬಿಚ್ಚಿ ಮತ್ತೆ ಜೋಡಿಸಿದ. ಪ್ರತಿ ಸಲವೂ “ಬರಾಬರ್ ಐತಿ” ಎಂದ. ನಾನು ಮುಂಡಗೋಡದ ಪ್ಲೇಟನ್ನು ಬೈದೆ, ಅವನು ಹಳಿಯಾಳದ್ದನ್ನು ಬೈದ. “ಬಾಲಕ್ಕ ಕಟ್ಟೂಣು ಅಂದಿದ್ದೆ, ಕೇಳಿದ್ರಿ ಏನು?” ಎಂದ. “ಕಟ್ಟಿದ್ರ ಡಬ್ಬಿ ಸುಟ್ಟು ಬೂದಿ ಆಗ್ತಿತ್ತು,” ಎಂದೆ ನಾನು. ಇಬ್ಬರ ದನಿಯೂ ಏರಿತು. ಒಳಗಿನಿಂದ ಗಿರಿಜಾ ಬಂದು ಡಬ್ಬಿಯನ್ನು ನೋಡಿದಳು, ನನ್ನ ಮುಖ ನೋಡಿದಳು. ತಿರುಗಿ ಹೋಗಿ ಗೋಡೆಯ ಗಡಿಯಾರದ ಕೆಳಗೆ ನಿಂತಳು. ಸ್ವಲ್ಪ ಹೊತ್ತಿನಲ್ಲೇ ಅಡಿಗೆ ಮನೆಯಿಂದ ಪಾತ್ರೆಯ ಸದ್ದು ಶುರುವಾಯಿತು. ನನಗೆ ಅಳುವೊಂದು ಬಾಕಿ. ಇಷ್ಟೆಲ್ಲ ಓದಿ, ಇಷ್ಟೆಲ್ಲ ಅಳೆದು, ಕೊನೆಗೆ ಅವಳನ್ನು ಇದೇ ಗಡಿಯಾರದ ಕೆಳಗೆ ತಂದು ನಿಲ್ಲಿಸಿದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಅಷ್ಟರಲ್ಲಿ ಡಬ್ಬಿಯ ಅಂಕಿ ಟಣ್ಣನೆ ಜಿಗಿಯಿತು. ಬಶೀರ್ ಆಗ ಯಾವುದೋ ಸ್ಕ್ರೂ ತಿರುಗಿಸುತ್ತಿದ್ದ. “ನೋಡಿದ್ರಿ? ಇದೊಂದ ಸ್ಕ್ರೂ ಸಡ್ಲ ಇತ್ರಿ! ಕೈಗುಣ ಅಂದ್ರ ಇದು!” ಎಂದು ಎದೆ ಉಬ್ಬಿಸಿದ. ಅಂಕಿ ಮತ್ತೆ ಜಿಗಿಯಿತು. ಈಗ ಅವನ ಕೈ ಸ್ಕ್ರೂ ಮೇಲೆ ಇರಲೇ ಇಲ್ಲ. ತಲೆಯ ಮೇಲೆ ದಡಬಡ ಸದ್ದು. ಹೊರಗೆ ಓಡಿ ನೋಡಿದರೆ ನಾಲ್ಕಾರು ಕರಿಮೂತಿಯ ಮುಸಿಯ ಕೋತಿಗಳು ಗಾಡಿಯ ಮೇಲೆ ಸಾಲಾಗಿ ಕೂತು, ಚೆಂಡು ಹೂವಿನ ಹಾರವನ್ನು ಹರಿದು ಹರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದವು. ಒಂದಂತೂ ಬಶೀರ್ ಕಟ್ಟಿದ ತಂತಿಯನ್ನು ಹಿಡಿದು ಜಗ್ಗುತ್ತ, ಇದನ್ನು ಕಟ್ಟಿದ ಮಹಾನುಭಾವ ಯಾರು ಎಂಬಂತೆ ನಮ್ಮ ಕಡೆ ನೋಡುತ್ತಿತ್ತು.

ಬಶೀರ್ ಹಣೆ ಬಡಿದುಕೊಂಡ. “ಯಾ ಅಲ್ಲಾ, ನೆರಳು!” ಎಂದ. ವೋಲ್ಟು ಅಳೆದೆವು, ಚಳಿ ಅಳೆದೆವು, ವೈರಿನ ದಪ್ಪ ಅಳೆದೆವು. ಬಿಸಿಲಿಗೆ ಅಡ್ಡ ಹಾರ ಹಾಕಿ, ಮೂರು ಪಟ್ಟಿ ಬಳಿದು, ಮೇಲೆ ತಂತಿ ಬಿಗಿದದ್ದು ನಾವೇ. ಮುಸಿಯಗಳನ್ನು ಯಾರೂ ಓಡಿಸಲಿಲ್ಲ. ಅವು ಕೆಲಸ ಮುಗಿಸಿಯೇ ಇಳಿದವು.

ಇನ್ನು ಉಳಿದದ್ದು ವಿಭೂತಿ. ಹಸಿ ಬಟ್ಟೆ ತೆಗೆದುಕೊಂಡು ನಾನು ಏಣಿ ಹತ್ತಿದರೆ ಗಿರಿಜಾ ಕೆಳಗಿನಿಂದ, “ಹಚ್ಚಿದ್ದು ಒರಸಬಾರದ್ರೀ!” ಎಂದು ಅಳುವ ದನಿಯಲ್ಲಿ ಕೂಗಿದಳು. ನಾನು ಮೇಲೂ ಇಲ್ಲ, ಕೆಳಗೂ ಇಲ್ಲ. ಆಗ ನೀಲಕ್ಕ ಮೊಣಕಾಲು ಹಿಡಿದುಕೊಂಡು ಅಂಗಳಕ್ಕೆ ಬಂದಳು. “ಬಟ್ಟಿ ಬ್ಯಾಡ ಬಸಣ್ಣಾರ. ಕೈಲೆ ತಗೊಂಡು ನನ್ನ ಕೈಯಾಗ ಕೊಡ್ರಿ,” ಎಂದಳು ನನಗೆ. ನಾನು ಅಂಗೈ ಒದ್ದೆ ಮಾಡಿ ಬಳಿದು ಬಳಿದು ಕೊಟ್ಟೆ. ಅವಳು ಅದನ್ನು ತಂಗಿಯ ಹಣೆಗೆ, ತೋಳಿಗೆ, ಸಣ್ಣ ಹುಡುಗಿಗೆ ಹಚ್ಚಿದಂತೆ ಹಚ್ಚಿದಳು. “ಒರಸಿಲ್ಲ ತಂಗಿ, ನಿನಗ ಹಚ್ಚೇನಿ. ಇನ್ನ ಗಡಿಯಾರ ನೋಡಬ್ಯಾಡ,” ಎಂದಳು. ಗಿರಿಜಾ ತಲೆ ತಗ್ಗಿಸಿ ನಿಂತಿದ್ದಳು. ಬಶೀರ್ ನಮ್ಮ ಕಡೆ ಬೆನ್ನು ಮಾಡಿ, ಬರಾಬರ್ ಇದ್ದ ಫ್ಯೂಸನ್ನು ಇನ್ನೊಮ್ಮೆ ನೋಡತೊಡಗಿದ. ಡಬ್ಬಿ ಪೂರ್ತಿ ಅಂಕಿ ತೋರಿಸುತ್ತಿತ್ತು.

ಆ ರಾತ್ರಿ ಅಕ್ಕ ತಂಗಿ ಒಂದೇ ಹಾಸಿಗೆಯಲ್ಲಿ ಮಲಗಿದರು. ಮಲಗಿದರು ಎನ್ನುವುದು ಮಾತಿಗೆ. ಮಾತು ನಿಂತದ್ದು ನನಗಂತೂ ಕೇಳಿಸಲಿಲ್ಲ. ಬಶೀರ್ ಮರುದಿನ ರಾಮನಗರದ ಬಸ್ಸು ಹತ್ತಿದ. ನಾನು ನಕಾಶೆ ಬಿಡಿಸಿ ಗಿರಿಜಾಳ ಮುಂದೆ ಇಟ್ಟೆ. ಗೋವಾದ ಮೇಲೆ ಬೆರಳು ಇಟ್ಟು ತೋರಿಸಿದೆ. ಅವಳು ನೋಡಿದಳು. “ನೀವು ಹೋಗಿ ಬರ್ರಿ. ನಾನು ಇನ್ನೊಂದೀಟು ದಿನ ಇಲ್ಲೇ ಇರ್ತೇನಿ,” ಎಂದಳು. ಹೊರಡಲು ಎದ್ದ ನನಗೆ ಆಗ ಹೊಳೆಯಿತು. ಅವಳು ಇಲ್ಲಿರಬೇಕಾದರೆ ಔಷಧಿ ಇಲ್ಲಿರಬೇಕು. ಔಷಧಿ ಇರಬೇಕಾದರೆ ಫ್ರಿಜ್ಜು ಇರಬೇಕು. ಫ್ರಿಜ್ಜು ಇರುವುದು ಗಾಡಿಯಲ್ಲಿ. ಗಾಡಿ ಹೊರಟರೆ ಗಿರಿಜಾ ಮತ್ತೆ ಗಡಿಯಾರದ ಕೆಳಗೆ. ನಾನು ನಕಾಶೆ ಮಡಚಿದೆ.

ನೀಲಕ್ಕನ ಅಂಗಳದ ಸುತ್ತ ಮತ್ತಿ, ನಂದಿ, ಹಲಸಿನ ಮರಗಳು ಮುಗಿಲು ಮುಟ್ಟಿ ನಿಂತಿವೆ. ಬಿಸಿಲು ಎಲ್ಲೂ ಸುಮ್ಮನೆ ಒಂದು ಕಡೆ ನಿಲ್ಲುವುದಿಲ್ಲ. ಬೆಳಿಗ್ಗೆ ಬಣವೆಯ ಹತ್ತಿರ ಬೀಳುತ್ತದೆ, ಮಧ್ಯಾಹ್ನ ತಿಪ್ಪೆಯ ಹತ್ತಿರ ಸರಿಯುತ್ತದೆ, ಇಳಿಹೊತ್ತಿಗೆ ರಸ್ತೆಯ ಅಂಚಿಗೆ ಹೋಗುತ್ತದೆ. ಅದು ಹೋದಲ್ಲೆಲ್ಲ ನಾನೂ ಗಾಡಿ ಚಾಲೂ ಮಾಡಿ ಹಿಂದೆ ಹೋಗುತ್ತೇನೆ. ಬರುವಾಗ ದಾರಿಯಲ್ಲಿ ಎಲ್ಲಿ ನಿಂತರೂ “ನೆರಳಿಗೆ ಹಚ್ರಿ” ಎನ್ನುತ್ತಿದ್ದ ಗಿರಿಜಾ ಈಗ ಕಟ್ಟೆಯ ಮೇಲೆ ಅಕ್ಕನ ಜೊತೆ ಅವರೆಕಾಯಿ ಸುಲಿಯುತ್ತ, “ರೀ, ಬಿಸಲ ಹೋತು ನೋಡ್ರಿ” ಎಂದು ಎಚ್ಚರಿಸುತ್ತಾಳೆ. ಫ್ರಿಜ್ಜಿನಲ್ಲಿ ಔಷಧಿಯ ಪಕ್ಕ ಪಕ್ಕದ ಮನೆಯವರ ಹಾಲಿದೆ, ಯಾರದೋ ಮದುವೆಯ ಮಲ್ಲಿಗೆ ದಂಡೆಯಿದೆ, ಎಮ್ಮೆಗೆ ಚುಚ್ಚುವ ಲಸಿಕೆಯೂ ಒಂದು ದಿನ ಬಂದು ಉಳಿದು ಹೋಯಿತು. ಇಷ್ಟು ಭಾರಕ್ಕೆ ಎರಡು ಪ್ಲೇಟು ಹೇಗೆ ತಾಳುತ್ತಿವೆ ಎಂದು ಡಬ್ಬಿಯ ಮುಂದೆ ಕೂತು ನೋಡುವುದೇ ನನಗೊಂದು ಹೊತ್ತು ಹೋಗುವ ಕೆಲಸ. ಮೋಡ ಬಂದು ಸರಿದಾಗ ಅಂಕಿ ಇದ್ದುದಕ್ಕಿಂತ ಮೇಲೆ ಚಿಮ್ಮಿ ಆಮೇಲೆ ಇಳಿಯುತ್ತದೆ. ಯಾಕೆ ಎಂದು ಇನ್ನೂ ತಿಳಿದಿಲ್ಲ.

ನಿನ್ನೆ ಗೋವಾ ಕಡೆಗೆ ಹೊರಟಿದ್ದ ಒಂದು ಹೊಳೆಯುವ ಮೋಟರ್‌ಹೋಮ್ ರಸ್ತೆಯಲ್ಲಿ ನಿಂತಿತು. ನನ್ನ ಗಾಡಿಯ ನೆತ್ತಿಯನ್ನು ನೋಡಿ ಗುರುತು ಹಿಡಿದಿರಬೇಕು. ಓಡಿಸುತ್ತಿದ್ದ ಧಾರವಾಡದ ಕಡೆಯ ಮನುಷ್ಯ ಇಳಿದು ಬಂದು, ಒಂದೇ ಕುಲದವರು ಎಂಬ ಅಕ್ಕರೆಯಿಂದ ಕೈ ಕುಲುಕಿದ.

“ಭಾರಿ ಐತ್ರಿ ನಿಮ್ಮ ಗಾಡಿ! ಎಲ್ಲೆಲ್ಲಿ ತಿರುಗಾಡೀರಿ ಇದರೊಳಗ?” ಎಂದ.

ನಾನು ಗಂಭೀರವಾಗಿ ಗಂಟಲು ಸರಿ ಮಾಡಿಕೊಂಡೆ. “ಮುಂಜಾನೆ ಬಣವಿ ಕಡೆ ಇದ್ದೆರಿ,” ಎಂದೆ. “ಈಗ ತಿಪ್ಪಿ ಕಡೆ ಹೊಂಟೇನಿ. ಸಂಜಿಗೆ ನೀವು ನಿಂತೀರಲ್ಲ, ಆ ಜಾಗಾದಾಗ ಮುಕ್ಕಾಂ ಐತಿ. ಒಂದೀಟು ಗಾಡಿ ಸರಸ್ತೀರೇನು?”